ಪಾತಣ್ಣನ ಲೋಟದ ಟೀ ಮುಗಿಯುವ ಮುನ್ನ

ಚಳ್ಳಕೆರೆಯ ಪಂಪ್‌ಸೆಟ್ ವ್ಯಾಪಾರಿ ಮಹಾಂತೇಶ್ ಊರಿನ ದೊಡ್ಡ ರಸ್ತೆಯಲ್ಲಿ ಬೋನಿನೊಳಗೆ ಕೂತು ಮೆರವಣಿಗೆ ಹೋದದ್ದು ಒಂದು ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ. ಅಂದರೆ ಶಾಲೆಯ ಮಕ್ಕಳು, ಬ್ಯಾಂಕಿನವರು, ಮಾರ್ಕೆಟ್ಟಿಗೆ ಶೇಂಗಾ ತಂದ ರೈತರು ಎಲ್ಲರೂ ರಸ್ತೆಯ ಮೇಲೇ ಇರುವ ಹೊತ್ತು. ಅವಮಾನಕ್ಕೆ ಒಂದು ಮುಹೂರ್ತ ಇಡಿಸಿದ್ದರೂ ಇಷ್ಟು ಚೆನ್ನಾಗಿ ಕೂಡಿಬರುತ್ತಿರಲಿಲ್ಲ.

ಆದದ್ದು ಇಷ್ಟೆ. ಅಂಗಡಿ ಮುಂದೆ ಪಾತಣ್ಣನ ಲಗೇಜ್ ಆಟೋ ನಿಂತಿತ್ತು. ಅದರ ಹಿಂಬದಿಯಲ್ಲಿ ಕಬ್ಬಿಣದ ಜಾಲರಿಯ ದೊಡ್ಡ ಬೋನು. ಅದರೊಳಗೆ ಹೋಗಬೇಕಾಗಿದ್ದದ್ದು ಮೋಟಾರು ಎಂಬ ನಾಯಿ. ಮೋಟಾರು ಬೋನನ್ನು ನೋಡಿತು, ಮಹಾಂತೇಶನನ್ನು ನೋಡಿತು, ಇವೆರಡರಲ್ಲಿ ಯಾವುದು ಯಾವುದಕ್ಕೆ ಸರಿಹೊಂದೀತು ಎಂದು ಯೋಚಿಸುವಂತೆ ನೆಲದ ಮೇಲೆ ಕೂತಿತು.

"ಎತ್ತಿ ಒಳಗೆ ಹಾಕೋ ಪಾತಣ್ಣ," ಅಂದ ಮಹಾಂತೇಶ್.

ಡ್ರೈವರ್ ಸೀಟಿನಲ್ಲಿ ಕೂತಿದ್ದ ಪಾತಣ್ಣ ತಿರುಗಿ ಕೂಡ ನೋಡಲಿಲ್ಲ. "ನಾನು ಯಾವ ಪ್ರಾಣೀನೂ ಎತ್ತಿ ಹಾಕಲ್ಲ ಸಾವ್ಕಾರ್ರೆ. ತಾನಾಗೇ ಹತ್ತಬೇಕು. ನೂಕಿದ್ರೆ ನೆನಪಿಟ್ಕಂತವೆ."

ಹೇಗೆ ಹತ್ತಬೇಕೆಂದು ತೋರಿಸಿದರೆ ಹತ್ತೀತು ಎಂಬ ಭರವಸೆಯಿಂದ ಮಹಾಂತೇಶ್ ಪಂಚೆ ಎತ್ತಿ ಕಟ್ಟಿ, ತೊಂಬತ್ತೆರಡು ಕಿಲೋ ಮೈಯನ್ನು ಮಡಚಿ ತಾನೇ ಬೋನಿನೊಳಗೆ ತೆವಳಿದ. ಒಳಗೆ ಅವನಿಗೆ ಒಂದು ಗುಟ್ಟಿನ ಕೆಲಸವೂ ಇತ್ತು. ಆ ಕೆಲಸ ಮುಗಿಸಿ "ಬಾ ಮೋಟಾರು, ಬಾ" ಎಂದು ಕರೆಯುವಷ್ಟರಲ್ಲಿ ಬೋನಿನ ಬಾಗಿಲು ತನ್ನ ಭಾರಕ್ಕೆ ತಾನೇ ಬಿದ್ದು ಚಿಲಕ ಟಕ್ಕೆಂದಿತು. ಹಿಂದೆ ಬಸ್ಸೊಂದು ದಾರಿ ಕೇಳಿ ಹಾರ್ನ್ ಒತ್ತುತ್ತಿತ್ತು. ಮೋಟಾರು ಎದ್ದು, ಮೂರು ಕಾಲಿನಲ್ಲಿ ಕುಪ್ಪಳಿಸಿ ಮುಂದೆ ಹೋಗಿ, ಪಾತಣ್ಣನ ಪಕ್ಕದ ಜಾಗ ಹಿಡಿದು ಕೂತಿತು. ಗಾಡಿ ಹೊರಟಿತು.

ಬಸ್ ಸ್ಟ್ಯಾಂಡಿನ ಹತ್ತಿರ ರಸ್ತೆ ದಾಟಲು ನಿಂತಿದ್ದವರು ಬೇರೆ ಯಾರೂ ಅಲ್ಲ, ಬೀಗರು ಕೊಟ್ಟೂರಪ್ಪ. ಹೋದ ವೈಶಾಖದಲ್ಲಷ್ಟೆ ಮಹಾಂತೇಶನ ಮಗಳನ್ನು ಸೊಸೆಯಾಗಿ ತಂದುಕೊಂಡವರು. ಗಾಡಿ ಅವರೆದುರೇ ನಿಧಾನವಾಯಿತು. ಅವರು ಜಾಲರಿಯೊಳಗೆ ನೋಡಿದರು. ಮಹಾಂತೇಶ್ ಜಾಲರಿಯ ಹೊರಗೆ ನೋಡಿದ.

"ಎಲ್ಲಿಗೆ ಹೊರಟಿದೀರಿ ಬೀಗರೆ?" ಅಂದರು ಕೊಟ್ಟೂರಪ್ಪ.

"ಮೊಳಕಾಲ್ಮೂರಿಗೆ," ಅಂದ ಮಹಾಂತೇಶ್, ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡು.

"ಮನೆಗೆ ಬಂದು ಹೋಗ್ಬಹುದಿತ್ತು."

"ಈ ಸಲ ಆಗಲ್ರಿ."

"ಹೌದೌದು, ಕಾಣ್ತೈತೆ," ಎಂದು ಕೊಟ್ಟೂರಪ್ಪ ಚಿಲಕದ ಕಡೆ ಒಮ್ಮೆ ನೋಡಿ, ಸಭ್ಯಸ್ಥರಾದ್ದರಿಂದ ಮುಂದೇನೂ ಕೇಳಲಿಲ್ಲ.

ಊರಾಚೆ ಬೇವಿನ ಮರದ ಕೆಳಗೆ ಪಾತಣ್ಣ ಗಾಡಿ ನಿಲ್ಲಿಸಿ ಚಿಲಕ ತೆಗೆದ. ನಾನು ಒಳಗಿದ್ದದ್ದು ನಿನಗೆ ಗೊತ್ತಿರಲಿಲ್ಲವೇ ಎಂದು ಮಹಾಂತೇಶ್ ಕೇಳಿದ್ದಕ್ಕೆ, ಗೊತ್ತಿತ್ತು ಅಂದ. "ಬಸ್ಸಿಗೆ ದಾರಿ ಬಿಡಬೇಕಿತ್ತು. ಮತ್ತೆ, ಯಾರು ಎಲ್ಲಿ ಕೂತ್ಕಬೇಕು ಅಂತ ನಾನು ಹೇಳಕ್ಕೋಗಲ್ಲ. ಅವರವರ ಇಷ್ಟ."

ಪಾತಣ್ಣ ದೊಡ್ಡಉಳ್ಳಾರ್ತಿಯವನು. ವಯಸ್ಸು ಐವತ್ತೈದರ ಆಚೀಚೆ. ಮೂವತ್ತು ದಾಟುವವರೆಗೂ ಊರಾಚೆಯ ಕಾವಲಿನ ಹುಲ್ಲುಗಾವಲಿನಲ್ಲಿ ಕುರಿಗಳ ಹಿಂದೆ ನಡೆದವನು. ಆಮೇಲೆ ಕಾವಲಿನ ಸುತ್ತ ದೊಡ್ಡ ದೊಡ್ಡ ಕಾಂಪೌಂಡುಗಳೆದ್ದವು, ಕುರಿಗಳು ಕಡಿಮೆಯಾದವು, ಪಾತಣ್ಣ ಡ್ರೈವಿಂಗ್ ಕಲಿತ. ಕುರಿ ಕಾಯ್ದವನಿಗೆ ಗಾಡಿ ಓಡಿಸುವುದೇನೂ ಕಷ್ಟವಲ್ಲ ಎಂಬುದು ಅವನ ಅಭಿಪ್ರಾಯ. ಗಾಡಿ ತಿರುಗಿಸಿದ ಕಡೆಗೆ ತಿರುಗುತ್ತದೆ, ಒಂದು ತಿರುಗಿದರೆ ಉಳಿದ ಇನ್ನೂರೂ ಹಿಂದೆ ಬರುವುದಿಲ್ಲ. ಶೇಂಗಾ ಮೂಟೆ, ಟೊಮೆಟೊ ಕ್ರೇಟು, ಮದುವೆಯ ಪಾತ್ರೆ, ಏನು ಕೊಟ್ಟರೂ ಹೇರಿಕೊಂಡು ಹೋಗುತ್ತಾನೆ. ಬಾಡಿಗೆಯ ಮಾತಿಗಿಂತ ಹೆಚ್ಚು ಮಾತಾಡಿದ್ದನ್ನು ಕೇಳಿದವರಿಲ್ಲ.

ಪ್ರಾಣಿಗಳ ಕೆಲಸ ಶುರುವಾದದ್ದು ನಾಲ್ಕು ವರ್ಷದ ಹಿಂದೆ, ತಳಕಿನಿಂದ ತಂದ ಖಾಲಿ ಕ್ರೇಟುಗಳ ಮಧ್ಯೆ ಒಂದು ನಾಯಿಮರಿ ಸಿಕ್ಕಾಗ. ಅದನ್ನು ಚಳ್ಳಕೆರೆಯ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸ್ವಪ್ನ ಎಂಬ ಹುಡುಗಿಯ ಕೈಗೆ ಕೊಟ್ಟ. ಆಕೆ ಹತ್ತು ದಿನ ಸಾಕಿ, ನಲವತ್ತು ಜನಕ್ಕೆ ಫೋನ್ ಮಾಡಿ, ಕೊನೆಗೂ ಮರಿಯನ್ನು ಇಟ್ಟುಕೊಳ್ಳುವ ಒಂದು ಮನೆ ಹುಡುಕಿದಳು. ಆ ಮನೆ ಇದ್ದದ್ದು ತಳಕಿನಲ್ಲಿ. ಯಾರು ಬಿಟ್ಟುಬರುತ್ತಾರೆ ಅಂದಾಗ ಪಾತಣ್ಣ, "ತಂದೋನು ನಾನು. ನಾನೇ ಬಿಡ್ತೀನಿ" ಅಂದ. ಅಲ್ಲಿಂದ ಹಿಡಿದು, ಗಾಯವಾದ, ಬೀದಿಗೆ ಬಿದ್ದ, ಬಾವಿಯಿಂದ ಎತ್ತಿದ ಎಷ್ಟು ನಾಯಿ ಬೆಕ್ಕುಗಳು ಅವನ ಗಾಡಿಯಲ್ಲಿ ಹೊಸ ಮನೆ ಸೇರಿವೆಯೋ ಅವನಿಗೂ ಗೊತ್ತಿಲ್ಲ. ಇದಕ್ಕೆ ಬಾಡಿಗೆ ಇಲ್ಲ.

ಸ್ವಪ್ನ ಆಮೇಲೆ ಫೋನಿನಲ್ಲಿ ಒಂದು ಗುಂಪು ಮಾಡಿ ಇಂಥ ನಾಲ್ಕೈದು ಡ್ರೈವರುಗಳನ್ನು ಸೇರಿಸಿದಳು. ಅವರಲ್ಲಿ ಬೊಮ್ಮಲಿಂಗಪ್ಪ ಎಂಬ ನಿವೃತ್ತ ಬಸ್ ಡ್ರೈವರ್ ತನ್ನ ಹಳೇ ಕಾರಿನಲ್ಲಿ ಬೆಕ್ಕುಗಳನ್ನು ಮಾತ್ರ ಒಯ್ಯುತ್ತಾನೆ; ಮೂವತ್ತು ವರ್ಷದ ಅಭ್ಯಾಸ ಬಿಡದೆ ಪ್ರತಿ ಸ್ಟಾಪಿನಲ್ಲೂ ಅರ್ಧ ನಿಮಿಷ ನಿಲ್ಲಿಸುತ್ತಾನೆ, ಒಂದು ಬೆಕ್ಕು ತಳಕಿನಲ್ಲೇ ಇಳಿದುಹೋಗಿದೆ. ಆದರೆ ಕಷ್ಟದ ಗಿರಾಕಿಗಳಿದ್ದರೆ, ಅಂದರೆ ಕಚ್ಚುವಂಥವು, ಕುಂಟುವಂಥವು, ಯಾರಿಗೂ ಬೇಡವಾದಂಥವು ಇದ್ದರೆ, ಸ್ವಪ್ನ ಫೋನ್ ಮಾಡುವುದು ಪಾತಣ್ಣನಿಗೆ.

ಮೋಟಾರು ಅಂಥ ಗಿರಾಕಿ. ಎರಡು ವರ್ಷದಿಂದ ಮಹಾಂತೇಶನ ಅಂಗಡಿ ಕಟ್ಟೆಯ ಮೇಲೆ, ಮೋಟಾರಿನ ಖಾಲಿ ರಟ್ಟಿನ ಡಬ್ಬಿಯಲ್ಲಿ ಮಲಗುತ್ತಿತ್ತು; ಹೆಸರು ಬಂದದ್ದು ಹಾಗೆ. ಮೊದಲ ಸಲ ಬೈಕು ಗುದ್ದಿತು, ಎರಡನೇ ಸಲ ಲಾರಿ. ಲಾರಿ ಒಂದು ಹಿಂಗಾಲನ್ನು ತೆಗೆದುಕೊಂಡು ಹೋಯಿತು. ಈಗ ಶೇಂಗಾ ಸುಗ್ಗಿ, ಎಣ್ಣೆ ಮಿಲ್ಲುಗಳಿಗೆ ಹೋಗುವ ಲಾರಿಗಳು ಅಂಗಡಿ ಮುಂದೆ ಸಾಲು ಹಿಡಿಯುತ್ತವೆ. ಮೋಟಾರು ಆಚೆ ಬದಿಯ ಹೋಟೆಲಿಗೆ ಹೋಗುವುದನ್ನು ಬಿಡಲೊಲ್ಲದು. ಮೂರನೇ ಸಲ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮನೆಗೇ ಕರೆದೊಯ್ಯೋಣವೆಂದರೆ ಹೆಂಡತಿ ಮಂಗಳಗೌರಿಗೆ ದಮ್ಮು. ನಾಯಿಯ ಒಂದು ಕೂದಲು ಮೂಗಿಗೆ ಹೋದರೆ ರಾತ್ರಿಯಿಡೀ ಕೂತೇ ಇರುತ್ತಾಳೆ. ಸ್ವಪ್ನಳ ಆಸ್ಪತ್ರೆಯ ಹಿತ್ತಲಲ್ಲಿ ಇನ್ನೊಂದು ಕೋಳಿಗೂ ಜಾಗವಿಲ್ಲ. ಎರಡು ತಿಂಗಳು ಹುಡುಕಿ ಸಿಕ್ಕಿದ್ದು ಒಂದೇ ಮನೆ, ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರ ಜಂಬುಲಿಂಗಪ್ಪನದು. ಆ ಮನೆ ತಪ್ಪಿದರೆ ಮೋಟಾರು ವಾಪಸ್ ಬಂದು ಅದೇ ಕಟ್ಟೆ, ಅದೇ ರಸ್ತೆ, ಅದೇ ಲಾರಿ.

ತಪ್ಪುವ ಸಂಭವವೂ ಇತ್ತು, ಯಾಕೆಂದರೆ ಪಾತಣ್ಣನಿಗೆ ಎರಡು ಕಟ್ಟಳೆಗಳಿದ್ದವು.

ಒಂದು, ಟವೆಲ್ಲಿನದು. ತಾಯಿ ಸತ್ತ ಕುರಿಮರಿಯನ್ನು ಇನ್ನೊಂದು ಕುರಿಗೆ ಕೂಡಿಸಬೇಕಾದಾಗ ಪಾತಣ್ಣನ ಅವ್ವ ಆ ಕುರಿಯ ಹಾಲನ್ನೇ ಕರೆದು ಮರಿಯ ಬೆನ್ನಿಗೆ ಸವರುತ್ತಿದ್ದಳಂತೆ. ಕುರಿ ಮೂಸಿ ನೋಡಿ, ನನ್ನದೇ ಇರಬೇಕು ಎಂದುಕೊಳ್ಳುತ್ತಿತ್ತು. ಪಾತಣ್ಣ ಅದನ್ನೇ ಗಾಡಿಗೆ ತಂದಿದ್ದ. ಹೊಸ ಮನೆಯವರು ಮೈಮೇಲೆ ಹಾಕಿಕೊಂಡ ಒಂದು ಬಟ್ಟೆಯನ್ನು ಎರಡು ದಿನ ಮುಂಚೆ ಕಳಿಸಬೇಕು. ಒಗೆಯಬಾರದು. ಪ್ರಾಣಿ ಅದರ ಮೇಲೆ ಮಲಗಿ, ಅದರ ಮೇಲೇ ಪ್ರಯಾಣ ಮಾಡಿ, ಆ ಮನೆ ತಲುಪುವಷ್ಟರಲ್ಲಿ ಆ ಮನೆಯ ಪರಿಚಯ ಆಗಿರಬೇಕು.

ಎರಡನೆಯದು ಟೀಯದು. ಹೊಸ ಮನೆಯಲ್ಲಿ ಪಾತಣ್ಣ ಒಂದು ಲೋಟ ಟೀ ಕುಡಿಯುತ್ತಾನೆ. ಲೋಟ ಖಾಲಿಯಾಗುವುದರೊಳಗೆ ಪ್ರಾಣಿ ತಾನಾಗಿ ಒಳಗೆ ಹೋಗಿ ಕೂರಬೇಕು. ಕೂರದಿದ್ದರೆ ಬೋನಿಗೆ ಹತ್ತಿಸಿ ವಾಪಸ್. ಎರಡನೇ ಲೋಟ ಕುಡಿಯುವುದಿಲ್ಲ. ಕಾಲು ಹಿಡಿದರೂ ಇಲ್ಲ.

ಈಗ ಮಹಾಂತೇಶನ ಗುಟ್ಟಿಗೆ ಬರೋಣ. ಜಂಬುಲಿಂಗಪ್ಪನ ಟವೆಲ್ಲು ಸೋಮವಾರವೇ ಬಸ್ಸಿನಲ್ಲಿ ಅಂಗಡಿಗೆ ಬಂದಿತ್ತು. ಬಂದದ್ದು ಸೀರೆಯ ಡಬ್ಬಿಯಲ್ಲಿ. ಬಿಳಿಯ ಟವೆಲ್ಲು, ನೀಲಿ ಹಾಕಿ ಒಗೆದು, ಗಂಜಿ ಹಾಕಿ, ಇಸ್ತ್ರಿ ಹೊಡೆದು ನಾಲ್ಕು ಮಡಿಕೆ ಮಾಡಿದ್ದು. ಮಲ್ಲಿಗೆ ಸೋಪಿನ ಪರಿಮಳ. ಮಂಗಳಗೌರಿ ಅದನ್ನು ನೋಡಿ, "ಎಂಥಾ ಅಚ್ಚುಕಟ್ಟಿನ ಮನೆ ನೋಡ್ರಿ" ಎಂದು ಮೆಚ್ಚಿಕೊಂಡಿದ್ದಳು. ಇದು ಪಾತಣ್ಣ ಹೇಳಿದ ಟವೆಲ್ಲಲ್ಲ ಎಂದು ಮಹಾಂತೇಶನಿಗೆ ಮೂಗಿಗೆ ಹಿಡಿದ ಕೂಡಲೇ ತಿಳಿಯಿತು. ಹೇಳಬಹುದಿತ್ತು. ಹೇಳಲಿಲ್ಲ. ಹೇಳದಿದ್ದುದಲ್ಲದೆ, ಬುಧವಾರ ಬೆಳಿಗ್ಗೆ ತಾನು ಹಿಂದಿನ ದಿನ ಬಿಚ್ಚಿಟ್ಟ ಬನೀನನ್ನು ಹೊಟ್ಟೆಯ ಹತ್ತಿರ ಪಂಚೆಗೆ ಸಿಕ್ಕಿಸಿಕೊಂಡು ಹೋಗಿ, ಬೋನಿನಲ್ಲಿ ಹಾಸಿದ್ದ ಆ ಟವೆಲ್ಲಿನ ಅಡಿಯಲ್ಲಿ ತುರುಕಿಟ್ಟ. ನಾಯಿಗೆ ಒಳ್ಳೆಯ ಮನೆ ಸಿಗಬೇಕೆಂಬುದು ಅವನ ಆಸೆ. ಆ ಮನೆ ನಾಯಿಗೆ ಹಿಡಿಸದೆ ಹೋಗಲಿ ಎಂಬುದೂ ಅವನ ಆಸೆ. ಎರಡಕ್ಕೂ ಒಂದೇ ಹೊಟ್ಟೆಯಲ್ಲಿ ಜಾಗವಿತ್ತು, ದೊಡ್ಡ ಹೊಟ್ಟೆ.

ಬೇವಿನ ಮರದ ಕೆಳಗೆ ಜಾಗ ಅದಲುಬದಲಾಯಿತು. ಮೋಟಾರು ಈ ಸಲ ಒಮ್ಮೆ ಮೂಸಿ, ತಕ್ಷಣ ಬೋನು ಹತ್ತಿ ಮಲಗಿತು. ಪಾತಣ್ಣ ಅದನ್ನು ನೋಡಿ ಹುಬ್ಬೇರಿಸಿದ.

ತಳಕು ದಾಟುವಾಗ ಮಹಾಂತೇಶ್ ಕೇಳಿದ. "ಅಲ್ಲೋ ಪಾತಣ್ಣ, ಯಾಕ್ ಮಾಡ್ತೀಯ ಇದನ್ನೆಲ್ಲ?"

"ಖಾಲಿ ಗಾಡಿ ಕುಣೀತೈತೆ. ತೂಕ ಬೇಕು."

"ಹೋದ ತಿಂಗಳು ಒಂದು ಬೆಕ್ಕಿನ ಮರಿ ಒಯ್ದೆಯಂತಲ್ಲ. ಅದೆಷ್ಟು ತೂಕ?"

"ಸ್ವಲ್ಪ ಕಮ್ಮಿ ಕುಣೀತು," ಅಂದ ಪಾತಣ್ಣ.

ಮುಂದೆ ಎಲ್ಲೋ ಪೊಲೀಸರು ಗಾಡಿ ತಡೆದರು. ಏನೈತೆ ಹಿಂದೆ ಎಂದು ಪೇದೆ ಕೇಳಿದ. "ಬೀಗರ ಮನೆಗೆ ಹೊರಟೈತೆ," ಅಂದ ಪಾತಣ್ಣ. ಪೇದೆ ಬೋನಿನೊಳಗೆ ನೋಡಿ ಬಂದು, ಆಮೇಲೆ ಯಾಕೋ ಮಹಾಂತೇಶನನ್ನೂ ಬಗ್ಗಿ ನೋಡಿ ಕಳಿಸಿಕೊಟ್ಟ. ಬೀಗರು ಎಂಬ ಮಾತು ಕೇಳಿ ಮಹಾಂತೇಶನಿಗೆ ಬೆಳಗಿನ ಜಾಲರಿ ನೆನಪಾಗಿ ಕಿವಿ ಬಿಸಿಯಾಯಿತು. ಇಷ್ಟು ಹೊತ್ತಿಗೆ ಸುದ್ದಿ ಮಗಳಿಗೆ ಮುಟ್ಟಿರುತ್ತದೆ.

ಜಂಬುಲಿಂಗಪ್ಪನ ಮನೆ ಮೊಳಕಾಲ್ಮೂರಿನ ಅಂಚಿನಲ್ಲಿ, ಬಂಡೆಗುಡ್ಡದ ಬುಡದಲ್ಲಿತ್ತು. ಒಳಗೆ ನಡುಮನೆಯಲ್ಲೇ ಗುಂಡಿ ಮಗ್ಗ. ನೇಯುವವರು ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುವಂಥದ್ದು. ಮಗ್ಗದ ಮೇಲೆ ಅರ್ಧ ನೇಯ್ದ ಕಡುಗೆಂಪು ಸೀರೆ. ಜಂಬುಲಿಂಗಪ್ಪ ಮಗ್ಗದ ಲಾಳಿಯಂತೆಯೇ ಸಣಕಲು ಮನುಷ್ಯ. ನಾಯಿ ಯಾಕೆ ಬೇಕಾಯಿತೆಂದು ಅವನು ಹೇಳಿದ: "ಗುಡ್ಡದ ಕೋತಿಗಳು ಸಾರ್. ಎರಡು ಸಲ ಒಳಗೆ ಬಂದು ಜರಿ ಎಳ್ಕೊಂಡು ಹೋದ್ವು. ಹಿಂದೆ ಒಂದು ನಾಯಿ ಇಟ್ಟಿದ್ದೆ. ಅದು ಕೋತಿ ಹಿಂದೇನೇ ಗುಡ್ಡ ಹತ್ತಿಬಿಡ್ತು. ಇನ್ನೂ ಇಳಿದಿಲ್ಲ. ನಂಗೆ ಕೂತಲ್ಲೇ ಬೊಗಳೋ ನಾಯಿ ಬೇಕು."

ಇದಕ್ಕಿಂತ ಹೊಂದುವ ಮನೆ ಮೋಟಾರಿಗೆ ಈ ಎರಡು ತಾಲ್ಲೂಕಿನಲ್ಲಿ ಇರಲಿಲ್ಲ. ಅದು ಮೋಟಾರಿಗೆ ಮಾತ್ರ ತಿಳಿಯಲಿಲ್ಲ. ಬೋನಿನಿಂದ ಇಳಿದು, ಜಂಬುಲಿಂಗಪ್ಪನನ್ನು ಮೂಸಿ, ನೇರವಾಗಿ ಹೋಗಿ ಆಟೋದ ಅಡಿಯಲ್ಲಿ ಮಲಗಿತು. ಜಂಬುಲಿಂಗಪ್ಪನ ಹೆಂಡತಿ ಕಾಂಚನಾ ಬಾಗಿಲಲ್ಲಿ ನಿಂತು "ರಾ ನಾನ್ನ, ರಾ" ಎಂದು ತೆಲುಗಿನಲ್ಲಿ ಮುದ್ದಾಗಿ ಕರೆದಳು. ಮೊಸರನ್ನದ ತಟ್ಟೆ ಇಟ್ಟಳು. ಮೋಟಾರು ತಟ್ಟೆಯನ್ನಲ್ಲ, ಮಹಾಂತೇಶನ ಕಾಲನ್ನೇ ನೋಡುತ್ತಿತ್ತು.

ಪಾತಣ್ಣ ಜಗಲಿಯ ಮೇಲೆ ಟೀ ಹಿಡಿದು ಕೂತ. ಲೋಟದಲ್ಲಿ ಅರ್ಧ ಉಳಿಯಿತು. ಕಾಲು ಭಾಗ ಉಳಿಯಿತು.

"ಇನ್ನೊಂದು ಲೋಟ ಹಾಕ್ತೀನಿ ಕೊಡ್ರಣ್ಣ," ಅಂದಳು ಕಾಂಚನಾ.

"ಎರಡನೇದು ಕುಡಿಯಲ್ಲಮ್ಮ."

ಬೆಳಗಿನಿಂದ ಬೇಡಿಕೊಂಡಿದ್ದೇ ಆಗುತ್ತಿತ್ತಾದರೂ ಮಹಾಂತೇಶನಿಗೆ ಖುಷಿಯಾಗಲಿಲ್ಲ. ಮನಸ್ಸಿನಲ್ಲಿ ಲಾರಿಗಳ ಸಾಲು ಬಂದು ನಿಂತಿತು. ರಸ್ತೆಯಾಚೆಯ ಹೋಟೆಲಿನವನು ಇಡ್ಲಿ ತೋರಿಸಿ ಕರೆಯುವುದು ಕಾಣಿಸಿತು. ಲೋಟದಲ್ಲಿ ಎರಡು ಬೆರಳಷ್ಟು ಟೀ ಇತ್ತು.

ಪಾತಣ್ಣ ಕೇಳಿದ, "ಆ ಟವೆಲ್ಲು ಯಾರ ಮೈದು?"

"ನಂದೇ," ಅಂದ ಜಂಬುಲಿಂಗಪ್ಪ.

"ಒಗೀದಂಗೆ ಕಳಿಸಿದ್ರಾ?"

ಜಂಬುಲಿಂಗಪ್ಪ ಹೆಂಡತಿಯ ಕಡೆ ನೋಡಿದ. ಕಾಂಚನಾ ಸೆರಗು ಸರಿಮಾಡಿಕೊಂಡಳು. "ಒಗೀದಂಗೆ ಹೆಂಗೆ ಕಳಿಸ್ಲಿ ಅಣ್ಣ? ಬೇರೆಯವರ ಮನೆಗೆ ಹೋಗೋ ಬಟ್ಟೆ. ಬೆವರು ನಾತದ ಟವೆಲ್ಲು ಬಿಚ್ಚಿ ನೋಡಿದ್ರೆ ಆ ಮನೆ ಹೆಂಗಸರು ನನ್ನ ಏನಂದ್ಕಂತಾರೆ? ನನ್ನ ಮನೇಲಿ ಕೊಳೆ ಬಟ್ಟೆ ಒಂದು ದಿನ ಬಿದ್ದಿರಲ್ಲ. ಹತ್ತು ಮನೆ ಕೇಳಿ."

"ಹೌದು ಸಾರ್," ಅಂದ ಜಂಬುಲಿಂಗಪ್ಪ ತಗ್ಗಿದ ದನಿಯಲ್ಲಿ. "ಹಾಕ್ಕೊಂಡಿದ್ದೂ ಬಿಚ್ಚಿಸಿ ಒಗೀತಾಳೆ."

ಪಾತಣ್ಣ ಲೋಟವನ್ನು ಜಗಲಿಯ ಮೇಲಿಟ್ಟು ಎದ್ದ. ಕುಡಿದು ಮುಗಿಸದ ಟೀ ಮುಗಿದ ಲೆಕ್ಕವಲ್ಲ. ಬೋನಿನ ಹತ್ತಿರ ಹೋಗಿ ಟವೆಲ್ಲು ಎತ್ತಿದ. ಅದರಡಿಯಿಂದ ಮಹಾಂತೇಶನ ಬನೀನನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿದ. ಹೊಟ್ಟೆಯ ಜಾಗದಲ್ಲಿ ದೊಡ್ಡ ತೂತು. ಅದರ ಮೂಲಕ ಗುಡ್ಡದ ಒಂದು ಬಂಡೆ ಕಾಣುತ್ತಿತ್ತು.

"ಇದು?"

"ದಾರೀಲಿ ಚಳಿ ಆದೀತು ಅಂತ," ಅಂದ ಮಹಾಂತೇಶ್. ಮೊಳಕಾಲ್ಮೂರಿನ ನಡುಹಗಲು. ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ಪಾತಣ್ಣ ಬನೀನನ್ನೂ ನೋಡಿದ, ಸಣಕಲು ಜಂಬುಲಿಂಗಪ್ಪನನ್ನೂ ನೋಡಿದ, ಆಟೋದಡಿಯ ನಾಯಿಯನ್ನೂ ನೋಡಿದ. ಅವ್ವನ ಕುರಿ ನೆನಪಾಗಿರಬೇಕು.

"ನಾಯಿಗೆ ಈಗ ಹೊಸ ವಾಸನೆ ಹತ್ತಿಸಕ್ಕೆ ಹೊತ್ತಿಲ್ಲ," ಅಂದ. "ಮನುಷ್ಯಂಗೇ ಹತ್ತಿಸಬೇಕು. ಜಂಬುಲಿಂಗಪ್ಪರೇ, ಅಂಗಿ ಬಿಚ್ರಿ. ಸಾವ್ಕಾರ್ರೆ, ನೀವೂ ಬಿಚ್ರಿ. ಇದು ನಿನ್ನೆದು. ನಮಗೆ ಇವತ್ತಿಂದು ಬೇಕು."

ಬೀದಿಯ ಎರಡು ಮನೆಯವರು ಆಗಲೇ ಹೊರಗೆ ಬಂದಿದ್ದರು. ಒಂದು ದಿನಕ್ಕೆ ಒಂದು ಅವಮಾನ ಸಾಕಿತ್ತು. ಮಹಾಂತೇಶ್ ಕೊರಳ ಗುಂಡಿಗೆ ಕೈ ಹಾಕಿ ನಿಂತ. ಬನೀನು ಕೊಟ್ಟರೆ ನಾಯಿ ಇಲ್ಲಿ ಉಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೊಡದಿದ್ದರೆ ಪಾತಣ್ಣ ಆ ಎರಡು ಬೆರಳು ಟೀ ಕುಡಿದುಬಿಡುತ್ತಾನೆ. ಮೋಟಾರು ಆಟೋದಡಿಯಿಂದ ಅವನನ್ನೇ ನೋಡುತ್ತಿತ್ತು, ಅಂಗಡಿ ಬಾಗಿಲು ಹಾಕುವ ಹೊತ್ತಿನಲ್ಲಿ ನೋಡುತ್ತಿದ್ದ ಹಾಗೆಯೇ.

ಅವನು ಅಂಗಿ ಬಿಚ್ಚಿದ. ಬನೀನು ಬಿಚ್ಚಿದ. ಬೆಳಿಗ್ಗೆ ಬೋನಿನೊಳಗೆ ತೆವಳಿದ್ದು, ಬೀಗರ ಎದುರು ಬೆವೆತದ್ದು, ಐವತ್ತು ಕಿಲೋಮೀಟರು ಬಿಸಿಲು, ಎಲ್ಲ ಅದರಲ್ಲಿತ್ತು.

ಕಾಂಚನಾ ಮೂಗಿನ ಮೇಲೆ ಸೆರಗು ಹಿಡಿದಳು. ನಗು ತಡೆಯಲೋ, ಬೇರೆ ಏನನ್ನು ತಡೆಯಲೋ ತಿಳಿಯಲಿಲ್ಲ. ಜಂಬುಲಿಂಗಪ್ಪ ಅದನ್ನು ತಲೆಯ ಮೇಲಿಂದ ಇಳಿಸಿದ. ಅದು ಅವನ ಮೊಣಕಾಲಿನವರೆಗೂ ಇಳಿಯಿತು. "ಏಮಂಡಿ, ಇನ್ನೊಬ್ಬರು ಹಿಡಿಸ್ತಾರೆ ಅದರಾಗೆ," ಅಂದಳು ಕಾಂಚನಾ ಗಂಡನಿಗೆ.

"ಹೋಗಿ ಮಗ್ಗದಾಗೆ ಕೂತ್ಕಳ್ರಿ. ನಾಯಿ ಕಡೆ ನೋಡಬ್ಯಾಡ್ರಿ, ನಿಮ್ಮ ಕೆಲಸ ನೀವು ಮಾಡ್ರಿ," ಅಂದ ಪಾತಣ್ಣ. "ಸಾವ್ಕಾರ್ರೆ, ನೀವು ಆ ಗೋಡೆ ಹಿಂದೆ ಹೋಗ್ರಿ. ಕಾಣಬಾರದು."

ಮಹಾಂತೇಶ್ ಅಂಗಿ ಹೆಗಲ ಮೇಲೆ ಹಾಕಿಕೊಂಡು, ಬರೀ ಮೈಯಲ್ಲಿ, ಪಕ್ಕದ ಮನೆಯವರ ಗೋಡೆಯ ಹಿಂದೆ ನಿಂತ. ಒಣಗಲು ಹಾಕಿದ ಮೆಣಸಿನಕಾಯಿಯ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದಳು; ಅವನನ್ನು ಮೇಲಿಂದ ಕೆಳಗೆ ನೋಡಿ ಮೆಣಸಿನಕಾಯಿ ತನ್ನ ಕಡೆಗೆ ಎಳೆದುಕೊಂಡಳು. ಒಳಗೆ ಮಗ್ಗ ಶುರುವಾಯಿತು. ಟಕ್, ಟಕ್. ಅದರ ಮಧ್ಯೆ ಇನ್ನೊಂದು ಸದ್ದು ಕೇಳಿಸುತ್ತದೆಯೋ ಎಂದು ಅವನು ಉಸಿರು ಹಿಡಿದು ಕಾದ. ಮೂರು ಕಾಲಿನ ನಾಯಿ ನಡೆದರೆ ಸದ್ದಿಗೆ ಒಂದು ಲಯವಿರುತ್ತದೆ, ಎರಡು ಹೆಜ್ಜೆ ಹತ್ತಿರ, ಒಂದು ದೂರ. ಅಂಗಡಿ ಕಟ್ಟೆಯ ಮೇಲೆ ದಿನವೂ ಕೇಳಿದ ಸದ್ದು. ಕೊನೆಗೆ ಅದು ಕೇಳಿಸಿತು. ಜಗಲಿ ಹತ್ತಿತು. ಹೊಸ್ತಿಲಲ್ಲಿ ನಿಂತಿತು. ಆಮೇಲೆ ಕೇಳಿಸಲಿಲ್ಲ.

ಅವನು ತಡೆಯಲಾರದೆ ಗೋಡೆ ಬಿಟ್ಟು ಬಂದು ಜಂಬುಲಿಂಗಪ್ಪನ ಮನೆಯ ಕಿಟಕಿಯಿಂದ ಇಣುಕಿದ. ಜಂಬುಲಿಂಗಪ್ಪ ಚೀಲದಂಥ ಬನೀನಿನಲ್ಲಿ ಗಂಭೀರವಾಗಿ ನೇಯುತ್ತಿದ್ದ. ಮೋಟಾರು ಅವನ ತೋಳನ್ನು ಮೂಸಿತು, ಬೆನ್ನನ್ನು ಮೂಸಿತು, ಒಂದು ಸುತ್ತು ಬಂತು, ಏನೋ ಒಂದು ಲೆಕ್ಕ ಸರಿಹೋಗುತ್ತಿಲ್ಲ ಎಂಬಂತೆ ತಲೆ ಓರೆ ಮಾಡಿತು. ಆಮೇಲೆ, ಇರಲಿ ಬಿಡು ಎಂಬಂತೆ ಗುಂಡಿಯ ಅಂಚಿನಲ್ಲಿ ಮಲಗಿ ಗದ್ದವನ್ನು ಅಂಚಿನ ಮೇಲಿಟ್ಟು ಕಣ್ಣು ಮುಚ್ಚಿತು. ಲಾಳಿ ಅದರ ತಲೆಯ ಮೇಲೆ ಹೋಗಿಬರುತ್ತಿತ್ತು.

ಪಾತಣ್ಣ ಜಗಲಿಯ ಮೇಲೆ ಕೂತು, ಆರಿದ ಎರಡು ಬೆರಳು ಟೀಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಬೋರಲು ಹಾಕಿದ.

ಹೊರಡುವಾಗ ಅವನು ಕಾಂಚನಾಗೆ ಒಂದೇ ಮಾತು ಹೇಳಿದ. "ಆ ಬನೀನು ಎಂಟು ದಿನ ಒಗೀಬ್ಯಾಡ್ರಮ್ಮ." ಕಾಂಚನಾ ಆಗಲಿ ಅಂದಳು. ಆದರೆ ಅವಳ ಕಣ್ಣು ಆಗಲೇ ಗಂಡನ ಬೆನ್ನ ಮೇಲಿನ ಒಂದು ಕಲೆಯ ಮೇಲಿತ್ತು, ಕೈ ತಾನಾಗಿ ಸೋಪಿನ ಡಬ್ಬಿ ಇರುವ ದಿಕ್ಕಿಗೆ ತಿರುಗಿತ್ತು.

ವಾಪಸ್ ಬರುವ ದಾರಿಯಲ್ಲಿ ಮಹಾಂತೇಶ್ ಮುಂದಿನ ಸೀಟಿನಲ್ಲಿ ಕೂತಿದ್ದ. ಹಿಂದೆ ಬೋನು ಖಾಲಿ. ಪಾತಣ್ಣ ಹೇಳಿದ್ದು ಸುಳ್ಳಲ್ಲ, ಖಾಲಿ ಗಾಡಿ ಪ್ರತಿ ಹಳ್ಳಕ್ಕೂ ಕುಣಿಯುತ್ತಿತ್ತು. ಬನೀನಿಲ್ಲದ ಮೈಗೆ ಅಂಗಿ ಅಂಟಿಕೊಂಡು ಕಚಗುಳಿಯಿಡುತ್ತಿತ್ತು. ತಳಕು ಬಂತು, ಹೋಯಿತು.

"ಪಾತಣ್ಣ, ಅದು ನನ್ನ ಮರ್ತುಬಿಡ್ತದೇನೋ?"

ಪಾತಣ್ಣ ಎದುರಿಗೆ ಬಂದ ಶೇಂಗಾ ಲಾರಿಗೆ ದಾರಿ ಬಿಟ್ಟು, ಗೇರ್ ಬದಲಾಯಿಸಿದ.

"ಕಾಂಚನಮ್ಮ ಬನೀನು ಒಗೆಯೋತನಕ ಇಲ್ಲ ಬಿಡ್ರಿ."